ಹೋಗಿದ್ದು ಸರಿ, ವಾಪಸ್ ಬಂದಿದ್ದು ಯಾವ ದಾರೀಲಿ?

ಪ್ರಶ್ನೆ: ಮೊಬೈಲ್ ಆಪರೇಟರ್ ಒಬ್ಬರ ನೆಟ್‌ವರ್ಕ್ ಟೀಮಿಗೆ ಹೊಸದಾಗಿ ಸೇರಿದ್ದೇನೆ. ಟ್ರಾಫಿಕ್ಕನ್ನು ಡಿಪಿಐ (ಪ್ಯಾಕೆಟ್ ಒಳಗೆ ಇಣುಕಿ ನೋಡುವ ಡಬ್ಬ), ಫೈರ್‌ವಾಲ್, ನ್ಯಾಟ್ (ಗ್ರಾಹಕರ ಐಪಿಯನ್ನು ಪಬ್ಲಿಕ್ ಐಪಿಗೆ ಬದಲಿಸುವ ಡಬ್ಬ) ಅಂತ ಸಾಲಾಗಿ ದಾಟಿಸಲು ವಿಎಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಪಾಲು ಮಾಡುವುದು), ಪಾಲಿಸಿ ರೂಟಿಂಗ್ (ನಾವು ಬರೆದ ನಿಯಮದಂತೆ ದಾರಿ ಹಿಡಿಸುವುದು) ಇದೆ, ಚೆನ್ನಾಗೇ ನಡೀತಿದೆ. ಸೀನಿಯರ್‌ಗಳು ಈಗ ಸರ್ವಿಸ್ ಚೈನಿಂಗ್ ಮಾಡೋಣ ಅಂತಿದ್ದಾರೆ. ಸುಮ್ನೆ ಯಾಕೆ?

ಉತ್ತರ: ನಡೆಯುತ್ತಿರುವುದಕ್ಕೆ ಕೈ ಹಾಕಬೇಡಿ ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಡಿಪಿಐಗೂ ಫೈರ್‌ವಾಲಿಗೂ ನಡುವೆ ನಾಳೆ ಇನ್ನೊಂದು ಡಬ್ಬ ಸೇರಿಸಿ ಅಂದರೆ ಎಷ್ಟು ರೂಟರುಗಳಿಗೆ ಲಾಗಿನ್ ಆಗಬೇಕು, ಲೆಕ್ಕ ಹಾಕಿ. ಸಾಲು ಏರುಪೇರಾಗುವ ಹಾಗೂ ಇಲ್ಲ. ಮಕ್ಕಳ ಫಿಲ್ಟರ್ ಯಾವ ಗ್ರಾಹಕರಿಗೆ ಅನ್ನೋದನ್ನು ಐಪಿ ನೋಡಿ ತೀರ್ಮಾನಿಸುವುದಾದರೆ ಅದು ನ್ಯಾಟ್‌ಗಿಂತ ಮೊದಲೇ ಬರಬೇಕು, ಯಾಕೆಂದರೆ ನ್ಯಾಟ್ ದಾಟಿದ ಮೇಲೆ ತುಂಬಾ ಜನ ಒಂದೇ ಪಬ್ಲಿಕ್ ಐಪಿ ಹಿಂದೆ ನಿಂತಿರುತ್ತಾರೆ, ಯಾರು ಯಾರು ಅಂತ ಗೊತ್ತಾಗಲ್ಲ.

ಚೈನಿಂಗ್‌ನಲ್ಲಿ ಈ ಸಾಲು ವೈರಿಂಗ್‌ನಲ್ಲಿ ಇರುವುದಿಲ್ಲ, ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಇದರ ಚೌಕಟ್ಟು 2015ರ ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) 7665ರಲ್ಲಿದೆ, ಸಾಲನ್ನು ಬರೆಯುವ ಚೀಟಿ, ಅಂದರೆ ಎನ್‌ಎಸ್‌ಎಚ್ ಅನ್ನುವ ಹೆಡರ್, 2018ರ ಆರ್‌ಎಫ್‌ಸಿ 8300ರಲ್ಲಿ. ಶುರುವಿನಲ್ಲೇ ಟ್ರಾಫಿಕ್ ವಿಂಗಡಿಸುವ ಕ್ಲಾಸಿಫೈಯರ್ ಎರಡು ಸಂಖ್ಯೆ ಹಾಕುತ್ತದೆ: 24 ಬಿಟ್‌ನ ದಾರಿ ನಂಬರ್, 8 ಬಿಟ್‌ನ ಇಂಡೆಕ್ಸ್. ದಾರಿ 20, ಇಂಡೆಕ್ಸ್ 255 ಅಂದರೆ ಡಿಪಿಐಗೆ ಕೊಡು. ಡಿಪಿಐ ಕೆಲಸ ಮುಗಿಸಿ ಒಂದು ಕಳೆಯುತ್ತದೆ, 254 ಫೈರ್‌ವಾಲಿಗೆ, 253 ನ್ಯಾಟ್‌ಗೆ. 252 ಬಂತು ಅಂದರೆ ಹೆಡರ್ ಕಿತ್ತು ಹೊರಗೆ ಕಳಿಸು. ಪ್ಯಾಕೆಟ್ ದಾಟಿಸುವ ಫಾರ್ವರ್ಡರ್, ಮುಂದೆ ಯಾವ ಬಗೆಯ ಡಬ್ಬ ಅಂತ ತಿಳಿಯಲು ನೋಡುವುದು ಈ ಎರಡು ಸಂಖ್ಯೆಯನ್ನಷ್ಟೇ. ಹೊಸ ಡಬ್ಬಕ್ಕೆ ಹೊಸ ದಾರಿ ನಂಬರ್ ಮಾಡಿ, ಮೊದಲು ಹತ್ತು ಗ್ರಾಹಕರನ್ನು ಅದಕ್ಕೆ ಹಾಕಿ ನೋಡಬಹುದು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಹಳೇ ಡಬ್ಬಗಳಿಗೆ ಎನ್‌ಎಸ್‌ಎಚ್ ಅರ್ಥವಾಗಲ್ಲ. ಅವುಗಳ ಮುಂದೆ ಪ್ರಾಕ್ಸಿ ಇಡಬೇಕು, ಅದು ಹೆಡರ್ ತೆಗೆದು ಒಳಗೆ ಕೊಟ್ಟು, ಹೊರಬಂದಾಗ ಮತ್ತೆ ಅಂಟಿಸುತ್ತದೆ. ನ್ಯಾಟ್ ಒಳಗೆ ಹೋದ ಪ್ಯಾಕೆಟ್ ವಿಳಾಸ ಬದಲಿಸಿಕೊಂಡೇ ಬರುತ್ತದೆ, ಆಗ ಇದು ಯಾವ ದಾರಿಯದ್ದು ಅಂತ ಗುರುತಿಸುವುದು ಹೇಗೆ? ಒಂದೊಂದು ದಾರಿಗೆ ಒಂದೊಂದು ವಿಎಲ್ಯಾನ್ ಕೊಟ್ಟು. ಹೌದು, ಬಿಟ್ಟೆವು ಅಂದುಕೊಂಡ ವಿಎಲ್ಯಾನ್ ಹಿತ್ತಲ ಬಾಗಿಲಿಂದ ವಾಪಸ್ ಬಂತು.

ಪ್ರಶ್ನೆ: ಈ ಹೆಡರ್ ಎನ್‌ಕ್ರಿಪ್ಟ್ ಆಗಿರುತ್ತಾ?

ಉತ್ತರ: ಇಲ್ಲ. ನಿಮ್ಮ ನೆಟ್‌ವರ್ಕ್ ಗಡಿಯಲ್ಲಿ ತೆಗೆದುಬಿಡಿ, ಹೊರಗಿಂದ ಅಂಟಿಸಿಕೊಂಡು ಬಂದದ್ದನ್ನು ಒಳಗೆ ಬಿಡಬೇಡಿ.

ಪ್ರಶ್ನೆ: ಟ್ರಯಲ್‌ನಲ್ಲಿ ಪಿಂಗ್ ಬರುತ್ತಿದೆ, ದೊಡ್ಡ ಪೇಜುಗಳು ಮಾತ್ರ ಅರ್ಧಕ್ಕೇ ನಿಲ್ಲುತ್ತವೆ.

ಉತ್ತರ: ಎಂಟಿಯು, ಅಂದರೆ ಲಿಂಕ್ ಒಪ್ಪುವ ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೋಡಿ. 1500 ಬೈಟ್ ಪ್ಯಾಕೆಟ್‌ಗೆ ಎನ್‌ಎಸ್‌ಎಚ್ ಟೈಪ್ 1ರ 24, ಅದನ್ನು ಹೊತ್ತೊಯ್ಯುವ ಹೊರ ಹೊದಿಕೆ ವಿಎಕ್ಸ್‌ಲ್ಯಾನ್-ಜಿಪಿಇ 8, ಯುಡಿಪಿ 8, ಹೊರಗಿನ ಐಪಿವಿ4ರ 20 ಸೇರಿದರೆ 1560 ಆಯಿತು. ಸಾದಾ ಪಿಂಗ್ ಚಿಕ್ಕದು, ತೂರಿಕೊಂಡು ಹೋಗುತ್ತದೆ. ಡಿಎಫ್ (ತುಂಡು ಮಾಡಬೇಡ ಅನ್ನುವ ಗುರುತು) ಹಾಕಿ 1472 ಬೈಟ್ ಪಿಂಗ್ (ಹೆಡರ್‌ಗಳು ಸೇರಿ 1500) ಕಳಿಸಿ, ಅಲ್ಲೇ ಗೊತ್ತಾಗುತ್ತದೆ. ಒಳಗಿನ ಎಲ್ಲ ಲಿಂಕ್‌ಗಳ ಎಂಟಿಯು ಹೆಚ್ಚಿಸಿ, ವರ್ಚುವಲ್ ಸ್ವಿಚ್ ಮರೆಯಬೇಡಿ. ಎಂಎಸ್‌ಎಸ್ (ಟಿಸಿಪಿ ಒಂದು ಸಲಕ್ಕೆ ಕಳಿಸುವ ಡೇಟಾದ ಮಿತಿ) ತಗ್ಗಿಸುವ ಉಪಾಯ ಟಿಸಿಪಿಗೆ ಮಾತ್ರ, ಯುಡಿಪಿ ಮೇಲೆ ಓಡುವ ಕ್ವಿಕ್ (QUIC) ಪ್ರೋಟೋಕಾಲ್ ಅದನ್ನು ಕೇಳಲ್ಲ.

ಪ್ರಶ್ನೆ: ಎರಡನೇ ಫೈರ್‌ವಾಲ್ ಸೇರಿಸಿದ ದಿನದಿಂದ ಸುಮಾರು ಅರ್ಧದಷ್ಟು ಕನೆಕ್ಷನ್ ಶುರುವೇ ಆಗುತ್ತಿಲ್ಲ. ಎರಡೂ ಫೈರ್‌ವಾಲ್ ಸರಿಯಾಗಿವೆ.

ಉತ್ತರ: ಎರಡೂ ಸರಿಯಾಗಿರುವುದರಿಂದಲೇ ಹೀಗೆ! ಒಂದು ದಾರಿ ನಂಬರ್ ಒಂದು ದಿಕ್ಕಿಗೆ ಮಾತ್ರ. ವಾಪಸ್ ಬರುವುದಕ್ಕೆ ಉಲ್ಟಾ ಸಾಲಿನ ಬೇರೆ ದಾರಿ ನೀವೇ ಮಾಡಬೇಕು, ಅದನ್ನು ಮಾಡಿರುತ್ತೀರಿ. ಆದರೆ ಯಾವ ಫೈರ್‌ವಾಲ್ ಅಂತ ಆರಿಸುವ ಹ್ಯಾಶ್ (ವಿಳಾಸಗಳಿಂದ ಒಂದು ಸಂಖ್ಯೆ ತೆಗೆಯುವ ಲೆಕ್ಕ) ಎರಡು ದಿಕ್ಕಿನಲ್ಲೂ ಒಂದೇ ಉತ್ತರ ಕೊಡಬೇಕಲ್ವಾ? ಕನೆಕ್ಷನ್ ಶುರು ಮಾಡುವ ಸಿನ್ ಪ್ಯಾಕೆಟ್ ಒಂದನೇ ಫೈರ್‌ವಾಲಿನಲ್ಲಿ ಹೋಗಿ, ಅದರ ಉತ್ತರವಾದ ಸಿನ್-ಆಕ್ ಎರಡನೆಯದಕ್ಕೆ ಬಂದರೆ, ಅದು ಈ ಸೆಷನ್ ನನಗೆ ಗೊತ್ತೇ ಇಲ್ಲ ಅಂತ ಬಿಸಾಡುತ್ತದೆ. ಎರಡು ಫೈರ್‌ವಾಲ್ ಇದ್ದರೆ ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಎರಡರಲ್ಲೂ ಒಬ್ಬನೇ ಗ್ರಾಹಕನ ಐಪಿಗೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹ್ಯಾಶನ್ನು ಗ್ರಾಹಕರ ಐಪಿ ಒಂದರ ಮೇಲೆ ಕಟ್ಟಿ: ಹೋಗುವಾಗ ಸೋರ್ಸ್, ಬರುವಾಗ ನ್ಯಾಟ್ ಬಿಚ್ಚಿದ ನಂತರದ ಡೆಸ್ಟಿನೇಷನ್. ಬದಲಿಸುವಾಗ ಓಡುತ್ತಿರುವ ಸೆಷನ್‌ಗಳು ಒಮ್ಮೆ ಕಡಿದುಹೋಗುತ್ತವೆ, ಆದ್ದರಿಂದ ಮಧ್ಯರಾತ್ರಿ ದಾಟಿದ ಮೇಲೆ ಮಾಡಿ.