ಹೊಲಿಗೆ ಒಣಗಿದೆ, ಸುಸ್ತು ಮಾತ್ರ ಹೋಗ್ತಿಲ್ಲ

ಪ್ರಶ್ನೆ: ನನಗೆ 51 ವರ್ಷ. ಜಾಸ್ತಿ ರಕ್ತಸ್ರಾವ ಇತ್ತು ಅಂತ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ಮನೆಗೆ ಬಂದು ಎರಡು ವಾರ ಆಯಿತು. ಹೊಲಿಗೆ ಒಣಗಿದೆ, ಜ್ವರ ಇಲ್ಲ. ಆದರೂ ಸ್ನಾನ ಮಾಡಿ ಬಂದರೆ ಸಾಕು, ಮತ್ತೆ ಮಲಗಬೇಕು ಅನ್ನಿಸುತ್ತದೆ. ಕೆಮ್ಮೋಕೂ ಭಯ. ಅಭ್ಯಾಸ ಆಗಿಬಿಡುತ್ತದೆ ಅಂತ ನೋವಿನ ಮಾತ್ರೆ ಬಿಟ್ಟಿದ್ದೇನೆ. ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದರೂ ಸುಮ್ಮಸುಮ್ಮನೆ ಅಳು ಬರುತ್ತದೆ. ನಾನು ಸೋಮಾರಿ ಆಗಿಬಿಟ್ಟೆನಾ ಮೇಡಂ?

ಉತ್ತರ: ಖಂಡಿತ ಇಲ್ಲಮ್ಮ. ನಿಮಗೂ ಮನೆಯವರಿಗೂ ಕಾಣುವುದು ಮೇಲಿನ ಚರ್ಮ ಮಾತ್ರ. ಅದರ ಕೆಳಗೆ ಇನ್ನೂ ಹಲವು ಪದರ ಕೂಡಿಕೊಳ್ಳಬೇಕು. ಇಂಥ ಆಪರೇಷನ್ನಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಪೂರ್ತಿ ಕಸುವು ಬರೋಕೆ ಕೆಲವರಿಗೆ ಇನ್ನೂ ಜಾಸ್ತಿ. ಎರಡು ವಾರಕ್ಕೆ ಸ್ನಾನ ಮಾಡಿ ಸುಸ್ತಾಗುವುದರಲ್ಲಿ ಆಶ್ಚರ್ಯವೇ ಇಲ್ಲ. ಸ್ನಾನದ ಮನೆಯಲ್ಲಿ ಒಂದು ಸ್ಟೂಲ್ ಇಟ್ಟುಕೊಳ್ಳಿ, ಕೂತೇ ಸ್ನಾನ ಮಾಡಿ. ಇನ್ನೊಂದು ವಿಷಯ, ಮೊದಲೇ ತುಂಬಾ ರಕ್ತ ಹೋಗಿರುವುದರಿಂದ ಹಿಮೋಗ್ಲೋಬಿನ್ ಕಡಿಮೆ ಇರಬಹುದು. ಅದನ್ನು ಪರೀಕ್ಷೆ ಮಾಡಿಸಿ ಅಂತ ನೀವೇ ಡಾಕ್ಟರಿಗೆ ಹೇಳಿ.

ಮಾತ್ರೆ ವಿಷಯದಲ್ಲಿ ನನಗೆ ನಿಜಕ್ಕೂ ಕಾಳಜಿ ಆಯಿತು. ನೋವು ತಡೆದುಕೊಂಡು ಮಲಗಿದ್ದರೆ ನೀವು ನಡೆಯುವುದಿಲ್ಲ, ಉಸಿರು ಪೂರ್ತಿ ಎಳೆದುಕೊಳ್ಳುವುದಿಲ್ಲ, ಕೆಮ್ಮು ಬಂದರೂ ಒಳಗೇ ನುಂಗುತ್ತೀರಿ, ಆಗ ಕಫ ಎದೆಯಲ್ಲೇ ಉಳಿದು ಸೋಂಕಾಗಬಹುದು. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಅಭ್ಯಾಸ ಆಗುತ್ತದೆ ಅಂತ ಹೆದರಬೇಕಿಲ್ಲ. ಪ್ಯಾರಾಸಿಟಮಾಲ್ ಅಂತೂ ಚಟ ಹಿಡಿಸುವ ಮಾತ್ರೆಯೇ ಅಲ್ಲ. ಸ್ವಲ್ಪ ಸ್ಟ್ರಾಂಗ್ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ತಿಣುಕಬೇಡಿ, ಅದಕ್ಕೂ ಔಷಧಿ ಇದೆ, ಸಂಕೋಚ ಬಿಟ್ಟು ಕೇಳಿ.

ಕೆಮ್ಮು ಬಂದಾಗ ಹೀಗೆ ಮಾಡಿ. ಮಂಡಿ ಸ್ವಲ್ಪ ಮಡಚಿ ಕೂತು, ಒಂದು ದಿಂಬನ್ನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿ ಹಿಡಿದು ಕೆಮ್ಮಿ. ಹೊಲಿಗೆಗೆ ಬೀಳುವ ಎಳೆತ ತುಂಬಾ ಕಡಿಮೆ ಆಗುತ್ತದೆ. ಹಾಸಿಗೆಯಿಂದ ಏಳೋದಕ್ಕೂ ಕ್ರಮ ಇದೆ. ಅಂಗಾತ ಮಲಗಿದ್ದವರು ನೇರ ಎದ್ದು ಕೂರಬೇಡಿ. ಭುಜ, ಸೊಂಟ ಒಟ್ಟಿಗೇ ತಿರುಗುವ ಹಾಗೆ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಇಳಿಬಿಡುತ್ತಾ ಮೊಣಕೈ ಊರಿ ಏಳಿ. ಭಾರ ಕೈ ಮೇಲೆ ಬೀಳುತ್ತದೆ, ಹೊಟ್ಟೆಗೆ ಕೆಲಸ ಇರುವುದಿಲ್ಲ. ಒಂದು ನಿಮಿಷ ಅಂಚಿನಲ್ಲೇ ಕೂತು, ತಲೆ ಸುತ್ತುತ್ತಿಲ್ಲ ಅಂದ ಮೇಲೆ ನಿಲ್ಲಿ.

ದಿನಾ ನಡೆಯಿರಿ, ಆದರೆ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಇವತ್ತು ಹುರುಪಿದೆ ಅಂತ ಎಲ್ಲ ಕೆಲಸ ಎಳೆದುಕೊಂಡರೆ ನಾಳೆ ಏಳೋಕೇ ಆಗಲ್ಲ. ಆರು ವಾರ ನಾಲ್ಕೈದು ಕೆಜಿಗಿಂತ ಜಾಸ್ತಿ ಎತ್ತಬೇಡಿ. 15 ಲೀಟರ್ ಬಕೆಟ್ ತುಂಬಿದರೆ ಅದೇ 15 ಕೆಜಿ, ಗೊತ್ತಲ್ವಾ? ಒದ್ದೆ ಬಟ್ಟೆಯೂ ಅಷ್ಟೇ ಮೋಸ.

ಅಳು ಬರುವುದಕ್ಕೆ ನಾಚಿಕೆ ಬೇಡ. ನೋವು, ನಿದ್ದೆಗೆಡುವುದು, ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳಬೇಕಾದ ಸಂಕಟ, ಇಷ್ಟು ಸಾಕು ಯಾರಿಗಾದರೂ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿದ್ದಾರಾ ಅಂತ ಡಿಸ್ಚಾರ್ಜ್ ಪತ್ರದಲ್ಲಿ ನೋಡಿ. ಮುಟ್ಟು ನಿಲ್ಲುವ ಮೊದಲೇ ತೆಗೆದಿದ್ದರೆ ಹಾರ್ಮೋನ್ ಒಮ್ಮೆಲೇ ಇಳಿದು ಮೈ ಬಿಸಿಯಾಗುವುದು, ಬೆವರುವುದು, ಮನಸ್ಸು ಕುಗ್ಗುವುದು ಇರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಯಾವುದೂ ಬೇಡ, ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯದೆ ಮನೆಯವರಿಗೆ, ಡಾಕ್ಟರಿಗೆ ಹೇಳಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ರಕ್ತಸ್ರಾವ ಜಾಸ್ತಿಯಾದರೆ ಅವತ್ತೇ ತೋರಿಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನೂ ಅವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ಈ ಸಾಲುಗಳನ್ನು ಮನೆಯವರಿಗೂ ಓದಿಸಿ. ಮಾತ್ರೆ ಯಾವಾಗಿನಿಂದ ಬಿಟ್ಟಿರಿ ಅನ್ನೋದನ್ನು ಮುಚ್ಚಿಡದೆ ನಾಳೆಯೇ ಡಾಕ್ಟರಿಗೆ ತಿಳಿಸಿ.