ಮೊದಲ ವರ್ಷದ ಸಂಬಳ ಬಿಡಿ, ಮೊದಲು ಸಿಕ್ಕ ತರಗತಿಗೆ ಹೋಗಿ

ನಿಮ್ಮ ಪ್ರಶ್ನೆ ಓದಿದಾಗ 2019ರ ನನ್ನನ್ನೇ ನೋಡಿದಂತಾಯಿತು. ಅಮೆರಿಕದ ಎರಡು ದೊಡ್ಡ ವಿಮಾನಯಾನ ಸಂಸ್ಥೆಗಳಿಂದ ನಿಮಗೆ ಪೈಲಟ್ ಕೆಲಸಕ್ಕೆ ಕರೆ ಬಂದಿದೆ. ಒಂದರಲ್ಲಿ ಗಂಟೆಗೆ ಆರು ಡಾಲರ್ ಹೆಚ್ಚು, ತರಬೇತಿಯ ಹೋಟೆಲ್ ಖರ್ಚೂ ಅವರದೇ, ಆದರೆ ಹೊಸಬರ ತರಬೇತಿ ತರಗತಿ ನಾಲ್ಕು ತಿಂಗಳು ತಡ. ಇನ್ನೊಂದು ಮುಂದಿನ ತಿಂಗಳೇ ಬನ್ನಿ ಎನ್ನುತ್ತಿದೆ. ಯಾವುದು ಲಾಭ ಎಂದು ಕೇಳಿದ್ದೀರಿ.

ಆಗ ನಾನು ಒಂದು ಪ್ರಾದೇಶಿಕ ಸಂಸ್ಥೆಯಲ್ಲಿ ಐವತ್ತು ಸೀಟಿನ ಜೆಟ್‌ಗೆ ಕ್ಯಾಪ್ಟನ್ ಆಗಿದ್ದೆ. ದೊಡ್ಡ ಸಂಸ್ಥೆಯೊಂದರಿಂದ ಪತ್ರ ಬಂತು: 2020ರ ಜನವರಿ ಎರಡನೇ ವಾರದ ತರಗತಿಗೆ ಹಾಜರಾಗಿ ಎಂದು. ಅದೇ ಹೊತ್ತಿಗೆ ನಾನಿದ್ದ ಕಡೆ, ಮಾರ್ಚ್ 31ರವರೆಗೆ ಬಿಟ್ಟುಹೋಗದವರಿಗೆ 15,000 ಡಾಲರ್ ಬೋನಸ್ ಎಂದು ಘೋಷಿಸಿದ್ದರು. ನಾನು ಕಾಗದ ಹಿಡಿದು ಕುಳಿತೆ. ಗಂಟೆಯ ದರ, ತಿಂಗಳಿಗೆ ಖಾತರಿಯಿರುವ ಕನಿಷ್ಠ ಗಂಟೆಗಳು, ದಿನಭತ್ಯೆ, ಹೋಟೆಲ್, ವಿಮೆ ಎಂದಿನಿಂದ, ನಿವೃತ್ತಿ ನಿಧಿಗೆ ಎಷ್ಟು, ಹೀಗೆ ಆರು ಕಾಲಂ. ದೊಡ್ಡ ಸಂಸ್ಥೆಗಳ ಮೊದಲ ವರ್ಷದ ದರ ಆಗ ಗಂಟೆಗೆ 90 ಡಾಲರ್ ಆಸುಪಾಸಿನಲ್ಲಿತ್ತು. ನನ್ನ ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ಮೂರು ತಿಂಗಳು ತಡವಾಗಿ ಹೋದರೆ ಬೋನಸ್ ಪೂರ್ತಿ ಲಾಭ ಎಂದು ಲೆಕ್ಕ ಹೇಳಿತು.

ನೇಮಕಾತಿ ವಿಭಾಗಕ್ಕೆ ಕರೆ ಮಾಡಿ ಏಪ್ರಿಲ್ ತರಗತಿ ಕೊಡಿ ಎಂದೆ. ಫೋನೆತ್ತಿದ ಮಹಿಳೆ, "ಖಂಡಿತ ತಾನೇ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ. ಮೂರು ನಿಮಿಷದಲ್ಲಿ ಮಾತು ಮುಗಿಯಿತು.

ಮಾರ್ಚ್ ಮೂರನೇ ವಾರ ನಾಲ್ಕು ಸಾಲಿನ ಇಮೇಲ್ ಬಂತು: ಹೊಸಬರ ತರಗತಿಗಳೆಲ್ಲ ಮುಂದಿನ ಸೂಚನೆಯವರೆಗೆ ರದ್ದು. ತಿಂಗಳ ಕೊನೆಗೆ ಬೋನಸ್ ಜಮೆಯಾಯಿತು. ತೆರಿಗೆ ಕಳೆದು ಕೈಗೆ ಬಂದದ್ದು ಸುಮಾರು ಹತ್ತು ಸಾವಿರ. ನನಗೆ ಮತ್ತೆ ತರಗತಿ ಸಿಕ್ಕಿದ್ದು 2021ರ ಜುಲೈನಲ್ಲಿ.

ಕೋವಿಡ್ ಬರುತ್ತದೆಂದು ಯಾರಿಗೆ ಗೊತ್ತಿತ್ತು, ನಿನ್ನದೇನು ತಪ್ಪು ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರೋಗವನ್ನು ಊಹಿಸದೇ ಇದ್ದದ್ದು ನನ್ನ ತಪ್ಪಲ್ಲ. ಆ ಪತ್ರ ಏನು ಎಂಬುದನ್ನೇ ತಪ್ಪಾಗಿ ತಿಳಿದದ್ದು ನನ್ನ ತಪ್ಪು. ಆಯ್ಕೆಯಾದ ಮೇಲೆ ಜಾಗ ನನ್ನದೇ, ಹೋಗಿ ಕೂರುವ ದಿನವಷ್ಟೇ ಮುಂದಕ್ಕೆ ಹೋಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಪತ್ರಕ್ಕೆ ಸೀನಿಯಾರಿಟಿ ಸಂಖ್ಯೆ, ಅಂದರೆ ಪೈಲಟ್‌ಗಳ ಹಿರಿತನದ ಪಟ್ಟಿಯಲ್ಲಿ ಸ್ಥಾನ, ಇರುವುದಿಲ್ಲ. ತರಗತಿಯ ಮೊದಲ ದಿನವೇ ನೇಮಕದ ದಿನ, ಆ ದಿನಾಂಕದಿಂದಲೇ ಪಟ್ಟಿಯಲ್ಲಿ ನಿಮ್ಮ ಸಾಲು ಹುಟ್ಟುತ್ತದೆ. ಒಂದೇ ತರಗತಿಯವರ ನಡುವೆಯೂ ಯಾರು ಮೇಲೆ ಎಂಬುದನ್ನು ಕೆಲವು ಸಂಸ್ಥೆಗಳು ವಯಸ್ಸು ನೋಡಿ ತೀರ್ಮಾನಿಸುತ್ತವೆ, ಅಷ್ಟು ಸೂಕ್ಷ್ಮ ಅದು. ಯಾವ ನಗರ ನಿಮ್ಮ ಬೇಸ್ (ನಿಮ್ಮ ಹಾರಾಟ ಶುರುವಾಗುವ ಊರು), ಯಾವ ವಿಮಾನ, ಕ್ಯಾಪ್ಟನ್ ಕೂರುವ ಎಡಗಡೆಯ ಸೀಟು ಯಾವಾಗ, ದೊಡ್ಡ ಹಬ್ಬದ ದಿನ ಮನೆಯಲ್ಲಿರುತ್ತೀರೋ ಕರೆದಾಗ ಹೊರಡಲು ಸಿದ್ಧರಾಗಿ ರಿಸರ್ವ್‌ನಲ್ಲಿ ಫೋನ್ ಕಾಯುತ್ತೀರೋ, ಎಲ್ಲವೂ ಆ ಸಂಖ್ಯೆಯ ಮೇಲೆ. ನೀವು ಎಷ್ಟು ಚೆನ್ನಾಗಿ ಹಾರಿಸುತ್ತೀರಿ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಸಂಸ್ಥೆಗೆ ಹೋದರೆ, ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಪಟ್ಟಿಯ ಕಟ್ಟಕಡೆಯಿಂದ ಶುರು ಮಾಡಬೇಕು. ಇಂಥದ್ದನ್ನು ನಾನು ಹತ್ತು ಸಾವಿರಕ್ಕೆ ಬಿಟ್ಟುಕೊಟ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಸೀನಿಯಾರಿಟಿಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ನನ್ನ ಕಾಗದದ ಮೇಲೆ ಆರು ಕಾಲಂ ಇದ್ದವು, ದಿನಾಂಕಕ್ಕೆ ಒಂದೂ ಇರಲಿಲ್ಲ.

ನನ್ನ ಜೊತೆಯಲ್ಲೇ ಸಂದರ್ಶನಕ್ಕೆ ಬಂದಿದ್ದ ಗೆಳೆಯನೊಬ್ಬ ಜನವರಿ ತರಗತಿಗೆ ಹೋದ. ನಾನು ಸೇರುವ ಹೊತ್ತಿಗೆ ನಮ್ಮಿಬ್ಬರ ನಡುವೆ ನಾನೂರು ಹೆಸರುಗಳಿದ್ದವು. 2023ರ ನವೆಂಬರ್‌ನಲ್ಲಿ ಒಂದು ಸಂಜೆ, ಆರು ದಿನದ ರಿಸರ್ವ್ ಮುಗಿಸಿ ಮನೆಗೆ ಹೋಗಲು ಜಂಪ್‌ಸೀಟ್ (ಕಾಕ್‌ಪಿಟ್‌ನ ಹೆಚ್ಚುವರಿ ಸೀಟು) ಕೇಳಿಕೊಂಡು ಕಾಕ್‌ಪಿಟ್‌ಗೆ ಹೋದೆ. ಎಡಗಡೆಯ ಸೀಟಿನಲ್ಲಿ ಅವನೇ. ನಾನು ಹಿಂದಿನ ಮಡಚುವ ಸೀಟು ಬಿಡಿಸಿ ಕುಳಿತೆ. ಹೊರಡುವ ಮೊದಲು ತಿರುಗಿ, "ಬೆಲ್ಟ್ ಸರಿಯಾಗಿದೆಯಾ?" ಎಂದ. ಅವನ ಭುಜದ ಮೇಲೆ ಕ್ಯಾಪ್ಟನ್‌ನ ನಾಲ್ಕು ಪಟ್ಟಿ, ನನ್ನದರ ಮೇಲೆ ಸಹ-ಪೈಲಟ್‌ನ ಮೂರು. ಅವನ ಏಳಿಗೆ ನನಗೆ ನಿಜಕ್ಕೂ ಸಂತೋಷವೇ. ಆದರೂ ಇಳಿಯುವವರೆಗೆ ಆ ಪಟ್ಟಿಗಳಿಂದ ಕಣ್ಣು ಕೀಳಲಾಗಲಿಲ್ಲ.

ಈಗ ನಿಮ್ಮ ಆರು ಡಾಲರ್. ತಿಂಗಳಿಗೆ 75 ಗಂಟೆಯಂತೆ ವರ್ಷಕ್ಕೆ 5,400 ಡಾಲರ್. ಹೋಟೆಲ್ ಸೇರಿಸಿದರೆ ಇನ್ನೂ ಕೆಲವು ಸಾವಿರ. ಆದರೆ ತಡ ಮಾಡಿದ ನಾಲ್ಕು ತಿಂಗಳು ನಿಮ್ಮ ಮೊದಲ ವರ್ಷದಿಂದ ಕಳೆಯುತ್ತವೆ ಎಂದುಕೊಳ್ಳಬೇಡಿ. ಕಾನೂನಿನ ಪ್ರಕಾರ 65ನೇ ವಯಸ್ಸಿಗೆ ನಿಲ್ಲಿಸಲೇಬೇಕು, ಆದ್ದರಿಂದ ಅವು ಕಳೆಯುವುದು ಕೊನೆಯ ತುದಿಯಿಂದ. ಆ ತುದಿಯಲ್ಲಿ ದೊಡ್ಡ ವಿಮಾನದ ಕ್ಯಾಪ್ಟನ್‌ಗೆ ಈಗಲೇ ಗಂಟೆಗೆ 400 ಡಾಲರ್‌ಗೂ ಮೇಲೆ ಇದೆ. ನಾಲ್ಕು ತಿಂಗಳಿಗೆ 1,20,000 ಡಾಲರ್ ಆಯಿತು. ಮೇಲಾಗಿ ಗಂಟೆಯ ದರ ಒಂದೇ ಕಡೆ ನಿಲ್ಲುವುದೂ ಇಲ್ಲ. 2023ರಲ್ಲಿ ಪೈಲಟ್‌ಗಳ ಜೊತೆಗಿನ ಡೆಲ್ಟಾ ಸಂಸ್ಥೆಯ ಹೊಸ ಸಂಬಳದ ಒಪ್ಪಂದ ಮಾರ್ಚ್‌ನಲ್ಲಿ, ಅಮೆರಿಕನ್‌ನದು ಆಗಸ್ಟ್‌ನಲ್ಲಿ, ಯುನೈಟೆಡ್‌ನದು ಸೆಪ್ಟೆಂಬರ್‌ನಲ್ಲಿ ಅಂಗೀಕಾರವಾದವು. ಒಬ್ಬರು ಏರಿಸಿದರೆ ಇನ್ನೊಬ್ಬರೂ ಏರಿಸುತ್ತಾರೆ. ಇಂದಿನ ಆರು ಡಾಲರ್ ಅಂತರ ಮುಂದಿನ ಒಪ್ಪಂದದ ಹೊತ್ತಿಗೆ ತಿರುಗುಮುರುಗಾಗಿರಬಹುದು.

ಇನ್ನೊಂದು ಕೋವಿಡ್ ಬರುವುದಿಲ್ಲ ಎನ್ನುತ್ತೀರೇನೋ. ತರಗತಿ ನಿಲ್ಲಲು ಕೋವಿಡ್ಡೇ ಬೇಕಾಗಿಲ್ಲ. 2024ರ ಮೇ, ಜೂನ್‌ನಲ್ಲಿ ಯುನೈಟೆಡ್ ಹೊಸ ಪೈಲಟ್‌ಗಳ ತರಗತಿ ನಿಲ್ಲಿಸಿತು, ಬೋಯಿಂಗ್ ವಿಮಾನಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂಬ ಕಾರಣಕ್ಕೆ. ಬೇಗ ಸೇರಿದವರೂ ಕೆಲಸ ಕಳೆದುಕೊಳ್ಳುತ್ತಾರಲ್ಲವೇ ಎಂದರೆ, ಹೌದು. 2020ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ 1,600 ಪೈಲಟ್‌ಗಳನ್ನು ಮನೆಗೆ ಕಳಿಸಿತು. ಆದರೆ ಅವರಿಗೆ ಸಂಖ್ಯೆ ಇತ್ತು, ಆ ಸಂಖ್ಯೆಯ ಪ್ರಕಾರವೇ ವಾಪಸ್ ಕರೆದರು. ನನ್ನಂಥವರ ಕೈಯಲ್ಲಿ ಇದ್ದದ್ದು ಒಂದು ಪತ್ರ ಮಾತ್ರ.

ತರಬೇತಿ ಸೌಲಭ್ಯದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಒಂದು ಕಾಲದಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್ ಸೇರಬೇಕಾದರೆ ಬೋಯಿಂಗ್ 737ರ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಅನ್ನು ಸ್ವಂತ ದುಡ್ಡಿನಲ್ಲೇ ಮಾಡಿಸಿಕೊಳ್ಳಬೇಕಿತ್ತು. ಈಗ ದೊಡ್ಡ ಸಂಸ್ಥೆಗಳೆಲ್ಲ ಅದನ್ನು ತಾವೇ ಕೊಡಿಸುತ್ತವೆ. ತರಬೇತಿಗೆ ಅಟ್ಲಾಂಟಾಕ್ಕೆ ಹೋದರೂ ಡೆನ್ವರ್‌ಗೆ ಹೋದರೂ ಕ್ರಮ ಅದೇ: ಪಾಠ, ಸಿಮ್ಯುಲೇಟರ್, ಪರೀಕ್ಷೆ, ಆಮೇಲೆ ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕುಳಿತು ಪ್ರಯಾಣಿಕರಿರುವ ವಿಮಾನದಲ್ಲೇ ಹಾರಾಟ. ಕೇಳುವುದಿದ್ದರೆ ಎರಡೇ ಕೇಳಿ. ಕನಿಷ್ಠ ಗಂಟೆಗಳ ಸಂಬಳ ತರಗತಿಯ ಮೊದಲ ದಿನದಿಂದ ಸಿಗುತ್ತದೆಯೇ, ಸಿಮ್ಯುಲೇಟರ್‌ನಲ್ಲಿ ಎಡವಿದರೆ ಹೆಚ್ಚುವರಿ ಅಭ್ಯಾಸ ಕೊಡುತ್ತಾರೆಯೇ. ಮೊದಲ ವರ್ಷ ಪ್ರೊಬೇಷನ್ ಇರುವುದರಿಂದ ಎರಡನೆಯದು ಹೋಟೆಲ್‌ಗಿಂತ ಎಷ್ಟೋ ಮುಖ್ಯ.

ದಿನಾಂಕದ ಪಕ್ಕದಲ್ಲಿ ನಿಲ್ಲಬಲ್ಲದ್ದು ಒಂದೇ, ಬೇಸ್. ಮನೆಯಿಂದ ಕಾರಿನಲ್ಲಿ ಕೆಲಸಕ್ಕೆ ಹೋಗುವವರ ಬಾಳೇ ಬೇರೆ. ಜಂಪ್‌ಸೀಟ್ ಸಿಕ್ಕೀತೋ ಇಲ್ಲವೋ ಎಂದು ಗೇಟಿನ ಬಳಿ ನಿಂತ ಸಂಜೆಗಳನ್ನು ನಾನು ಎಣಿಸಿಲ್ಲ. ಎರಡೂ ಸಂಸ್ಥೆಗಳಿಗೆ ನಿಮ್ಮೂರಲ್ಲೇ ಬೇಸ್ ಇದೆ ಎಂದಿದ್ದೀರಿ. ಆದರೆ ಅದನ್ನು ಕೊಡಿಸುವುದೂ ಅದೇ ಸಂಖ್ಯೆ.

ಹಾಗಾಗಿ ನಾಳೆ ಕಚೇರಿ ತೆರೆದ ಕೂಡಲೇ ಕರೆ ಮಾಡಿ ಮುಂದಿನ ತಿಂಗಳ ತರಗತಿಗೆ ಒಪ್ಪಿಕೊಳ್ಳಿ. ಅದಕ್ಕೂ ಮೊದಲಿನ ತರಗತಿಯಲ್ಲಿ ಯಾರಾದರೂ ಬಿಟ್ಟು ಜಾಗ ಖಾಲಿಯಾಗಿದೆಯೇ ಎಂದೂ ಕೇಳಿ. ಹಾಗೆ ಖಾಲಿಯಾಗುವುದುಂಟು. 2020ರ ಜನವರಿಯಲ್ಲಿ ನಾನು ಬಿಟ್ಟ ಜಾಗಕ್ಕೆ ಎರಡೇ ದಿನದಲ್ಲಿ ಬೇರೊಬ್ಬರು ಬಂದರು. ಅವರೂ ಈಗ ಕ್ಯಾಪ್ಟನ್.