ಓದುಗರ ಪ್ರಶ್ನೆ: ಬೆನ್ನುಮೂಳೆಗೆ ಕೇಜು, ಸ್ಕ್ರೂ ಮತ್ತು ಮೂಳೆಯ ಬೆಸುಗೆ

ತಾಯಿಗೆ 58 ವರ್ಷ. ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜಾರಿದೆ. ಸ್ವಲ್ಪ ದೂರ ನಡೆದರೂ ಕಾಲು ಜೋಮು ಹಿಡಿಯುತ್ತದೆ. ಎರಡು ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ತೆಗೆದು, ಆ ಜಾಗಕ್ಕೆ ಟೊಳ್ಳಾದ ಆಸರೆ (ಕೇಜು) ಇಡಬೇಕಂತೆ. ‘ಪೀಕ್’ ಕೇಜು ಒಂದು, ‘ತ್ರೀಡಿ ಪ್ರಿಂಟ್’ ಮಾಡಿದ ಟೈಟಾನಿಯಂ ಕೇಜು ಇನ್ನೊಂದು. ಎರಡನೆಯದು ದುಬಾರಿ. ಸಾಲ ಮಾಡಿಯಾದರೂ ಅದನ್ನೇ ಹಾಕಿಸಬೇಕೆ?
— ಓದುಗರು, ಶ್ರೀನಿವಾಸಪುರ

ಮನೆಗೆ ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ಕೇಜು ಮತ್ತು ಸ್ಕ್ರೂಗಳ ಕೆಲಸವೂ ಅಷ್ಟೇ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದು ನಿಲ್ಲಿಸುವುದು. ನಿಮ್ಮ ತಾಯಿಯವರ ವಿಷಯದಲ್ಲಿ ಡಿಸ್ಕ್ ಇದ್ದ ಜಾಗಕ್ಕೆ ಸಾಮಾನ್ಯವಾಗಿ 8ರಿಂದ 14 ಮಿ.ಮೀ. ಎತ್ತರದ ಕೇಜು ಕೂರುತ್ತದೆ. ಹಿಂದಿನಿಂದ ನಾಲ್ಕು ಸ್ಕ್ರೂ, ಎರಡು ರಾಡು. ಕೇಜಿನ ಟೊಳ್ಳಿನಲ್ಲಿ ಮತ್ತು ಸುತ್ತಮುತ್ತ ತುಂಬಿದ ಮೂಳೆ ಚೂರುಗಳ ಮೂಲಕ ಮೇಲಿನ ಮೂಳೆಯಿಂದ ಕೆಳಗಿನದಕ್ಕೆ ಹೊಸ ಮೂಳೆ ಬೆಳೆದು ಸೇತುವೆ ಕಟ್ಟಬೇಕು. ಅದು ಕಟ್ಟದೇ ಹೋದರೆ ಲೋಹ ಎಷ್ಟೇ ಒಳ್ಳೆಯದಿರಲಿ, ದಿನವೂ ಬಾಗಿ ಬಾಗಿ ದಣಿದು ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ರಾಡು ಮುರಿಯುತ್ತದೆ.

ಇನ್ನು ಎರಡರ ವ್ಯತ್ಯಾಸ. ಘನ ಟೈಟಾನಿಯಂ ಮಿಶ್ರಲೋಹದ ಬಿರುಸು, ಅಂದರೆ ಭಾರಕ್ಕೆ ಬಾಗದ ಗುಣ, ಸುಮಾರು 110 ಗಿಗಾಪ್ಯಾಸ್ಕಲ್ (ಬಿರುಸನ್ನು ಅಳೆಯುವ ಮಾನ). ನಮ್ಮ ಮೂಳೆಯ ಗಟ್ಟಿ ಹೊರಪದರದ್ದು ಹೆಚ್ಚೆಂದರೆ 20ರ ಆಸುಪಾಸು. ಇಷ್ಟು ಬಿರುಸಾದ ವಸ್ತು ಭಾರವನ್ನೆಲ್ಲ ತಾನೇ ಹೊತ್ತುಬಿಡುತ್ತದೆ. ಭಾರ ಬೀಳದ ಮೂಳೆ ಬೆಳೆಯುವುದಿಲ್ಲ, ಸವೆಯುತ್ತದೆ. ಪೀಕ್ ಒಂದು ಗಟ್ಟಿ ಪ್ಲಾಸ್ಟಿಕ್, ಅದರ ಬಿರುಸು 3–4 ಗಿಗಾಪ್ಯಾಸ್ಕಲ್ ಮಾತ್ರ. ಎಕ್ಸ್‌–ರೇಯಲ್ಲಿ ಅಡ್ಡ ಬರುವುದಿಲ್ಲವಾದ್ದರಿಂದ ಒಳಗೆ ಮೂಳೆ ಕೂಡಿದೆಯೇ ಎಂದು ನೋಡುವುದೂ ಸುಲಭ. ಅದರ ಕೊರತೆ ಒಂದೇ, ಆದರೆ ದೊಡ್ಡದು: ಮೂಳೆ ಅದಕ್ಕೆ ಅಂಟುವುದಿಲ್ಲ. ನಡುವೆ ತೆಳುವಾದ ನಾರಿನ ಪದರ ಬೆಳೆದುಬಿಡಬಹುದು. ಪೀಕ್‌ಗೆ ಟೈಟಾನಿಯಂ ಲೇಪ ಹಾಕಿದ ಕೇಜುಗಳೂ ಬಂದವು. ಸುತ್ತಿಗೆಯಿಂದ ತಟ್ಟಿ ಕೂರಿಸುವಾಗ ಲೇಪ ಕಿತ್ತು ಬರುವ ಭಯ ಅವುಗಳದ್ದು.

ಟೈಟಾನಿಯಂಗೆ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲೇ ಕಂಡುಕೊಂಡಿದ್ದರು. ಹೊಸತೆಂದರೆ ಅದನ್ನು ಸ್ಪಂಜಿನಂತೆ ರಂಧ್ರಮಯವಾಗಿ ಮಾಡುವ ಬಗೆ. ಟೈಟಾನಿಯಂ ಪುಡಿಯನ್ನು ಪದರ ಪದರವಾಗಿ ಹರಡಿ, ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣದಿಂದ ಬೇಕಾದ ಕಡೆ ಮಾತ್ರ ಕರಗಿಸಿ ಕಟ್ಟುತ್ತಾರೆ. ರಂಧ್ರದ ಗಾತ್ರ ಹೆಚ್ಚಾಗಿ 300ರಿಂದ 600 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.). ಇದಕ್ಕಿಂತ ತೀರಾ ಕಿರಿದಾದರೆ ರಕ್ತನಾಳ ಒಳನುಗ್ಗುವುದಿಲ್ಲ, ತೀರಾ ಹಿರಿದಾದರೆ ಕೇಜು ಬಲಹೀನವಾಗುತ್ತದೆ. ರಂಧ್ರಗಳಿಂದಾಗಿ ಬಿರುಸು ಇಳಿದು ಮೂಳೆಗೆ ಹತ್ತಿರ ಬರುತ್ತದೆ, ಒರಟು ಮೈ ಮೂಳೆ ಕಟ್ಟುವ ಕೋಶಗಳಿಗೆ ಹಿಡಿತ ಕೊಡುತ್ತದೆ. ವಿನ್ಯಾಸವಾಗಿ ಇದು ನಿಜಕ್ಕೂ ಮುಂದುವರಿದದ್ದು.

ಆದರೂ ಸಾಲ ಮಾಡಬೇಡಿ. ಕಾಲಿನ ನೋವು, ಜೋಮು ಕಡಿಮೆಯಾಗುವುದು ನರದ ಮೇಲಿನ ಒತ್ತಡ ತೆಗೆಯುವುದರಿಂದ. ಅದಕ್ಕೂ ಕೇಜಿನ ಜಾತಿಗೂ ಸಂಬಂಧ ಕಡಿಮೆ. ಬೆಸುಗೆಗೆ ಹೆಚ್ಚು ಮುಖ್ಯವಾದದ್ದು ಹಾಸು ಸಿದ್ಧಮಾಡುವ ಕೆಲಸ. ಎರಡೂ ಮೂಳೆಗಳ ಮುಖದ ಮೇಲಿನ ಮೃದ್ವಸ್ಥಿಯನ್ನು ಪೂರ್ತಿ ಕೆರೆದು ರಕ್ತ ಜಿನುಗುವಂತೆ ಮಾಡಬೇಕು, ಅದರಡಿಯ ಗಟ್ಟಿ ತಟ್ಟೆ ಮಾತ್ರ ಒಡೆಯಬಾರದು. ಕಡಿಮೆ ಕೆರೆದರೆ ಮೂಳೆ ಕೂಡುವುದಿಲ್ಲ, ಹೆಚ್ಚು ಕೆರೆದರೆ ಕೇಜು ಮೂಳೆಯೊಳಕ್ಕೆ ಕುಸಿಯುತ್ತದೆ. ಜಾಗಕ್ಕಿಂತ ಎತ್ತರದ ಕೇಜನ್ನು ಬಲವಂತವಾಗಿ ತುರುಕಿದರೂ ಕುಸಿತವೇ. 58ರ ಹೆಂಗಸಿಗೆ ಆಪರೇಷನ್ನಿಗೆ ಮೊದಲು ಮೂಳೆಯ ದಟ್ಟಣೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಲೇಬೇಕು. ಟಿ–ಸ್ಕೋರ್ (ಆ ಸ್ಕ್ಯಾನ್ ಕೊಡುವ ಅಂಕಿ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೊದಲು ಮೂಳೆ ಸವೆತಕ್ಕೆ ಚಿಕಿತ್ಸೆ ಬೇಕೇ ಎಂದು ಕೇಳಿ. ಸವೆದ ಮೂಳೆಯಿದ್ದವರಲ್ಲಿ ರಂಧ್ರದ ಟೈಟಾನಿಯಂಗೆ ಹಣ ಹಾಕುವುದಕ್ಕೆ ಒಂದಿಷ್ಟು ಅರ್ಥವಿದೆ. ಮೂಳೆ ಗಟ್ಟಿಯಿದ್ದರೆ ಪೀಕ್ ಸಾಕು.

ತಂದೆಗೆ ಫ್ಲೋರೋಸಿಸ್. ಬೆನ್ನು ಕೊರಡಿನಂತಾಗಿದೆ, ಈಚೆಗೆ ಕಾಲಿನಲ್ಲಿ ಬಲವಿಲ್ಲ. ಆದರೆ ಡೆಕ್ಸಾದಲ್ಲಿ ಮೂಳೆ ಬಹಳ ಗಟ್ಟಿ ಎಂದು ಬಂದಿದೆ. ಹಾಗಾದರೆ ಸ್ಕ್ರೂ ಚೆನ್ನಾಗಿ ಹಿಡಿಯುತ್ತದಲ್ಲವೆ?
— ಓದುಗರು, ಬಾಗೇಪಲ್ಲಿ

ಆ ಅಂಕಿಯನ್ನು ನಂಬಬೇಡಿ. ಕೊಳವೆಬಾವಿಯ ಫ್ಲೋರೈಡ್ ವರ್ಷಗಟ್ಟಲೆ ಮೂಳೆಯ ಖನಿಜದೊಳಗೆ ಸೇರಿಕೊಳ್ಳುತ್ತದೆ. ಸ್ಕ್ಯಾನಿಗೆ ಅದು ದಟ್ಟವಾಗಿ ಕಾಣುತ್ತದೆ, ಒಳಗೆ ಮಾತ್ರ ಪೆಡಸು. ಇಂಥ ಮೂಳೆಗೆ ಸ್ಕ್ರೂವನ್ನು ಒತ್ತಿ ತಿರುಗಿಸಿದರೆ ಸೀಳು ಬಿಡಬಹುದು. ಮೊದಲೇ ತೂತು ಕೊರೆದು, ಅದರೊಳಗೆ ಸ್ಕ್ರೂವಿನ ಸುರುಳಿ ಗೆರೆ ಕೊರೆದು, ಆಮೇಲೆ ಸ್ಕ್ರೂ ಇಳಿಸಬೇಕಾಗುತ್ತದೆ.

ಆದರೆ ನಿಮ್ಮ ತಂದೆಯವರಿಗೆ ಸ್ಕ್ರೂಗಿಂತ ಮೊದಲು ಬೇಕಾದದ್ದು ಬೇರೆ. ಫ್ಲೋರೋಸಿಸ್‌ನಲ್ಲಿ ಬೆನ್ನಿನ ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳೇ ಮೂಳೆಯಾಗಿ, ಬೆನ್ನುಹುರಿ ಹಾಯುವ ಕಾಲುವೆ ಕಿರಿದಾಗುತ್ತದೆ. ಕಾಲಿನ ಬಲ ಕುಂದುತ್ತಿರುವುದು ಬಹುಶಃ ಅದರಿಂದ. ಹುರಿಯ ಹಿಂದಿನ ಕಮಾನನ್ನು ವೇಗದ ಡ್ರಿಲ್ಲಿನಿಂದ ಪದರ ಪದರವಾಗಿ ತೆಳುಮಾಡಿ ತೆಗೆಯುವುದೇ ಮುಖ್ಯ ಆಪರೇಷನ್. ಮೂಳೆಯಾದ ರಜ್ಜು ಹುರಿಯ ಹೊದಿಕೆಗೆ ಅಂಟಿಕೊಂಡಿದ್ದರೆ ಹೊದಿಕೆ ಹರಿದು ಒಳಗಿನ ನೀರು ಸೋರಬಹುದು. ಆದ್ದರಿಂದ ಇಂಥದ್ದನ್ನು ಹಲವು ಸಲ ಮಾಡಿದ ಕೈಯೇ ಬೇಕು. ಕಾಲಿನ ಬಲ ದಿನೇ ದಿನೇ ಇಳಿಯುತ್ತಿದ್ದರೆ, ಮೂತ್ರದ ಹಿಡಿತ ತಪ್ಪುತ್ತಿದ್ದರೆ ವಾರಗಟ್ಟಲೆ ಕಾಯಬೇಡಿ.

ಮನೆಯ ನೀರನ್ನೂ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5 ಕಡೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರನ್ನು ಕುಡಿಯಲು ಮಾತ್ರ ತಂದು, ಮುದ್ದೆಗೆ, ಸಾರಿಗೆ ಬೋರ್ ನೀರನ್ನೇ ಹಾಕುವ ಮನೆಗಳು ಬಹಳ. ಅಡುಗೆಗೂ ಘಟಕದ ನೀರೇ ಆಗಬೇಕು.

ವಯಸ್ಸು 41, ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಕೆಲಸ. ಕೇಜು ಹಾಕಿಸಿ ನಾಲ್ಕು ತಿಂಗಳಾಯಿತು, ನೋವಿಲ್ಲ. ಎಕ್ಸ್‌–ರೇಯಲ್ಲಿ ಇನ್ನೂ ಕೂಡಿಲ್ಲ ಎನ್ನುತ್ತಾರೆ. 15 ಕೆ.ಜಿ. ಬಾಕ್ಸ್ ಎತ್ತಬಹುದೆ? ಬೀಡಿ ಸೇದುತ್ತೇನೆ.
— ಓದುಗರು, ಕೋಲಾರ

ಈಗ ಬೇಡ. ನೋವು ಹೋಗಿರುವುದು ನರ ಬಿಡುಗಡೆಯಾದ ಕಾರಣ, ಮೂಳೆ ಕೂಡಿದ ಕಾರಣ ಅಲ್ಲ. ನಾಲ್ಕು ತಿಂಗಳಿಗೆ ಕೂಡಿಲ್ಲ ಎಂದರೆ ಆಪರೇಷನ್ ಕೆಟ್ಟಿತು ಎಂದೂ ಅಲ್ಲ. ಬೆಸುಗೆಗೆ ಆರರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಅನುಮಾನವಿದ್ದರೆ ವರ್ಷದ ಹೊತ್ತಿಗೆ ಸಿ.ಟಿ. ಸ್ಕ್ಯಾನ್ ಮಾಡಿ ಮೂಳೆಯ ಸೇತುವೆ ಎಡೆಬಿಡದೆ ಸಾಗಿದೆಯೇ ಎಂದು ನೋಡುತ್ತಾರೆ. ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡರೆ ಅದು ಸಡಿಲವಾಗಿದೆ ಎಂದು ಅರ್ಥ.

ನೆಲದಲ್ಲಿರುವ ಬಾಕ್ಸನ್ನು ಬಗ್ಗಿ ಎತ್ತಿದಾಗ ಸೊಂಟದ ಮೇಲೆ ಬೀಳುವುದು 15 ಕೆ.ಜಿ. ಅಲ್ಲ, ಅದರ ಹಲವು ಪಟ್ಟು. ಸದ್ಯಕ್ಕೆ ಮಂಡಿಯಲ್ಲಿ ಲೆಕ್ಕ ಬರೆಯುವುದು, ವಿಂಗಡಿಸುವುದು ಇಂಥ ಕೆಲಸ ಕೇಳಿಕೊಳ್ಳಿ. ಎತ್ತುವುದಿದ್ದರೆ ಐದು ಕೆ.ಜಿ.ಯೊಳಗೆ, ಎದೆಗೆ ಒತ್ತಿ ಹಿಡಿದು, ಮೈ ತಿರುಚದೆ. ನಡಿಗೆ ಮಾತ್ರ ದಿನವೂ ಇರಲಿ. ಅದು ಮೂಳೆಗೆ ಬೇಕಾದ ಭಾರ.

ಬೀಡಿ ಇವತ್ತೇ ನಿಲ್ಲಬೇಕು. ನಿಕೋಟಿನ್ ಕಿರಿಯ ರಕ್ತನಾಳಗಳನ್ನು ಹಿಂಡಿ, ಹೊಸ ಮೂಳೆಗೆ ರಕ್ತ ಸಿಗದಂತೆ ಮಾಡುತ್ತದೆ. ಗುಟ್ಕಾ, ಹೊಗೆಸೊಪ್ಪಿಗೂ ಇದೇ ಮಾತು. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗುವುದೂ ಬೆಸುಗೆಯನ್ನು ನಿಧಾನ ಮಾಡಬಹುದು. ನೋವು ಬಂದರೆ ಪ್ಯಾರಾಸಿಟಮಾಲ್ ಸಾಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಕೇಜಿಗೆ ತುಂಬಲು ಸೊಂಟದ ಪಕ್ಕೆಯಿಂದ ಮೂಳೆ ತೆಗೆಯದೆ, ಮೂಳೆ ಬೆಳೆಸುವ ಔಷಧಿಯನ್ನೇ ಕೇಜಿನಲ್ಲಿ ಇಡಬಹುದಂತೆ. ಒಳ್ಳೆಯದೆ?
— ಓದುಗರು, ತುಮಕೂರು

ನೀವು ಹೇಳುತ್ತಿರುವುದು ಬಿಎಂಪಿ–2 ಎಂಬ ಪ್ರೋಟೀನು. ಮೂಳೆಯಲ್ಲೇ ಮೂಳೆ ಬೆಳೆಸುವ ಅಂಶವಿದೆ ಎಂದು 1965ರಲ್ಲಿ ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯುರಿಸ್ಟ್ ತೋರಿಸಿದರು. ಅಮೆರಿಕದಲ್ಲಿ 2002ರಲ್ಲಿ ಸೊಂಟದ ಬೆಸುಗೆಗೆ, ಹೊಟ್ಟೆಯ ಕಡೆಯಿಂದ ಕೇಜು ಇಡುವ ಆಪರೇಷನ್ನಿಗೆ, ಅನುಮತಿ ಸಿಕ್ಕಿತು. ಶಕ್ತಿ ದೊಡ್ಡದು, ಅಪಾಯವೂ ಅಲ್ಲೇ ಇದೆ. ನರದ ಪಕ್ಕ ಬೇಡದ ಮೂಳೆ ಬೆಳೆಯಬಹುದು. ಕುತ್ತಿಗೆಯಲ್ಲಿ ಬಳಸಿದಾಗ ಊತ ಬಂದು ಉಸಿರು ಕಟ್ಟಿದ ಪ್ರಕರಣಗಳಿಂದ 2008ರಲ್ಲಿ ಅಲ್ಲಿನ ಔಷಧ ಇಲಾಖೆ ಎಚ್ಚರಿಕೆ ಹೊರಡಿಸಿತು. ಕ್ಯಾನ್ಸರ್ ಇದ್ದವರಿಗೆ, ಗರ್ಭಿಣಿಯರಿಗೆ ಕೂಡದು. ಎರಡು ಮೂಳೆಗಳನ್ನಷ್ಟೇ ಕೂಡಿಸುವ ಬೆಸುಗೆಗೆ, ನರ ಬಿಡಿಸುವಾಗ ತೆಗೆದ ನಿಮ್ಮದೇ ಮೂಳೆಯ ಚೂರುಗಳು ಬಹುತೇಕ ಸಾಕಾಗುತ್ತವೆ. ಸಾಲದಿದ್ದರೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು ಬೆರೆಸುತ್ತಾರೆ. ಆ ಹರಳು ಬರೀ ಹಂದರ, ಅದರಲ್ಲಿ ಜೀವಕೋಶವಿಲ್ಲ. ಆದ್ದರಿಂದ ಸ್ವಂತ ಮೂಳೆಯ ಜೊತೆಗೇ ಇರಬೇಕು.

ಟೈಟಾನಿಯಂ ಸ್ಕ್ರೂ ಇರುವವರು ಎಂಆರ್‌ಐ ಮಾಡಿಸಬಹುದೆ?
— ಓದುಗರು, ಶಿಡ್ಲಘಟ್ಟ

ಸಾಮಾನ್ಯವಾಗಿ ಮಾಡಿಸಬಹುದು, ಟೈಟಾನಿಯಂ ಅಯಸ್ಕಾಂತಕ್ಕೆ ಸೆಳೆಯುವುದಿಲ್ಲ. ಸ್ಕ್ರೂ ಸುತ್ತಲಿನ ಚಿತ್ರ ಮಾತ್ರ ಸ್ವಲ್ಪ ಕಲಸಿಹೋಗುತ್ತದೆ. ಸ್ಕ್ಯಾನಿಗೆ ಮೊದಲು ಅಲ್ಲಿನ ಸಿಬ್ಬಂದಿಗೆ ತಪ್ಪದೆ ತಿಳಿಸಿ. ಪ್ರತಿ ಕೇಜು, ಸ್ಕ್ರೂವಿನ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಡಿಸ್ಚಾರ್ಜ್ ಆಗುವಾಗ ಅವನ್ನು ನಿಮ್ಮ ಚೀಟಿಗೆ ಅಂಟಿಸಿಕೊಡಲು ಕೇಳಿ, ಫೋನಿನಲ್ಲಿ ಫೋಟೊ ಕೂಡ ತೆಗೆದಿಡಿ. ಹತ್ತು ವರ್ಷದ ಮೇಲೆ ಸ್ಕ್ರೂ ತೆಗೆಯಬೇಕಾಗಿ ಬಂದರೆ ಆ ಕಂಪನಿಯ ತಿರುಪುಳಿ ಯಾವುದು ಎಂದು ಡಾಕ್ಟರಿಗೆ ತಿಳಿಯುವುದು ಆ ಸ್ಟಿಕ್ಕರಿನಿಂದಲೇ.